ಅಣ್ಣ ವೈದ್ಯಕೀಯ ವಿಭಾಗ

ಬೋರ್ಡು ಬರೆದ ಶಿವಾಜಿನಗರದ ಪೇಂಟರು
ಅಣುವಿನ ಕೊಂಬು ಮರೆತು, ಒತ್ತೊಂದು ಹೆಚ್ಚಿಗೆ ಕೊಟ್ಟು
'ಅಣ್ಣ ವೈದ್ಯಕೀಯ ವಿಭಾಗ' ಅಂತ ಬರೆದುಬಿಟ್ಟಿದ್ದ.
ಎರಡು ತಿಂಗಳು ಹಾಗೇ ಇತ್ತು.
ಆ ಎರಡು ತಿಂಗಳು ಯಾರೂ ನಮಗೆ ಹೆದರಲಿಲ್ಲ.

ತಿದ್ದಿದ ಮರುದಿನ
ನಾನು ಲಿಫ್ಟಿನೊಳಗೆ ಕಾಲಿಟ್ಟರೆ
ನಾಲ್ವರಿಗೆ ಒಟ್ಟಿಗೇ ಮೆಟ್ಟಿಲು ಹತ್ತುವ ಆಸೆ.

ಎರಡನೇ ನೆಲಮಾಳಿಗೆ. ಒಂದು ಪಕ್ಕ ಲಾಂಡ್ರಿ,
ಇನ್ನೊಂದು ಪಕ್ಕ ಹೊಸೂರು ರಸ್ತೆಯ ಗಡಗಡ.
ಬೆಳಿಗ್ಗೆ ಏಳಕ್ಕೆ ಸೀಸದ ಗಡಿಗೆಯಿಂದ
ಹಾಲು ಕರೆಯುತ್ತೇವೆ. ನಗಬೇಡಿ,
ನಮ್ಮ ಕಸುಬಿನಲ್ಲಿ ಅದರ ಹೆಸರೇ ಹಸು.
ವಾರಕ್ಕೊಂದು ಹೊಸ ಹಸು ಏರ್‌ಪೋರ್ಟಿನಿಂದ ಬರುತ್ತದೆ,
ಹಳೆಯದು ಬತ್ತಿರುತ್ತದೆ.
ಕೊಡುವುದು ಬಣ್ಣವಿಲ್ಲದ, ವಾಸನೆಯಿಲ್ಲದ ಒಂದಿಷ್ಟು ನೀರು.

ಮೂಳೆ ಡಾಕ್ಟರು ವಾಸುಕಿ, ಫೋನಿನಲ್ಲಿ:
'ಅದೇ, ಎಂಆರ್‌ಐ ಥರದ್ದೇ ಅಲ್ವೇನಮ್ಮ?'
ಇಪ್ಪತ್ತೆರಡು ವರ್ಷದ ಸರ್ವಿಸು.
ನಾಲ್ಕನೇ ಮಹಡಿಯ ಸಿಸ್ಟರ್ ಜೆಸಿಂತಾ
ಮದುವೆಯಾಗದ ಹುಡುಗಿಯರು ಕೆಳಗೆ ಹೋಗಕೂಡದು ಅಂತ
ಡ್ಯೂಟಿ ಪುಸ್ತಕದಲ್ಲೇ ಬರೆದಿದ್ದಾರೆ, ಕೆಂಪಿನಲ್ಲಿ, ಅಡಿಗೆರೆ ಎಳೆದು.
ವಾರ್ಡಿನ ಮುನಿಕೃಷ್ಣ ಗಾಲಿಕುರ್ಚಿಯನ್ನು
ಹೊಸ್ತಿಲ ಆಚೆಯಿಂದಲೇ ಒಂದು ಸಲ ನೂಕುತ್ತಾನೆ,
ಪೇಷೆಂಟು ಉರುಳಿಕೊಂಡು ತಾವೇ ಬರುತ್ತಾರೆ.

ತಮಾಷೆ ಏನೆಂದರೆ, ಯಂತ್ರ ಕಂಡು ಓಡುವ ಇವರೇ
ಸೂಜಿ ಚುಚ್ಚಿಸಿಕೊಂಡು ಬಂದವರ ತೊಡೆಗೆ ತೊಡೆ ತಾಗಿಸಿ ಕೂತು
ಟೀ ಕುಡಿಯುತ್ತ ಗಂಟೆಗಟ್ಟಲೆ ಹರಟುತ್ತಾರೆ.
ಯಂತ್ರ ಏನನ್ನೂ ಬಿಡುವುದಿಲ್ಲ ಮಾರಾಯರೇ,
ಅದು ಬರೀ ಕೇಳಿಸಿಕೊಳ್ಳುತ್ತದೆ.
ಮಾತಾಡುವುದು ಮೈ.

ನನ್ನದೂ ಹೇಳಬೇಕಲ್ಲ. ಮೊದಲ ವರ್ಷ
ಹಸುವಿನೆದುರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ,
ಅದೇನೋ ದುರ್ವಾಸನೆ ಎಂಬಂತೆ.
ಎದೆಯ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೋದಾಗಲೆಲ್ಲ
ಬನಶಂಕರಿಗೆ ನಿಂಬೆಹಣ್ಣಿನ ದೀಪ.
ಮನೆ ಓನರು ಕೇಳಿದರೆ ಈಗಲೂ
'ಲ್ಯಾಬಲ್ಲಿ ಕೆಲಸ' ಅಂತೇನೆ.

ಮೊನ್ನೆ ಮಂಗಳವಾರ ಬಂದವಳು ಸಂಪಂಗಮ್ಮ,
ಗಾಂಧಿ ಬಜಾರಿನಲ್ಲಿ ಹೂವು ಮಾರುವವಳು. ಸೊಂಟನೋವು.
ಒಂಬತ್ತಕ್ಕೆ ಸೂಜಿ ಹಾಕಿ, ನೀರು ಕುಡೀತಾ ಇರಿ,
ಇವತ್ತೊಂದಿನ ಮೊಮ್ಮಗೂನ ಎತ್ಕೋಬೇಡಿ ಅಂದೆ.
'ಎಷ್ಟೊತ್ತು ಇರ್ತದೆ ತಾಯಿ, ಇದು ಮೈಯಾಗೆ?'

ಎಂಟು ವರ್ಷದಲ್ಲಿ
ಮೇಲಿನ ಯಾವ ಮಹಡಿಯೂ ಕೇಳದ ಪ್ರಶ್ನೆ.

ಆರು ಗಂಟೆಗೆ ಅರ್ಧ, ಇನ್ನಾರಕ್ಕೆ ಅದರರ್ಧ ಅಂದೆ.
ಅವಳು ಬೆರಳು ಮಡಚಿದಳು.
'ಮಲ್ಲಿಗೆ ಬೆಳಿಗ್ಗೆ ಮೊಳ ನಲವತ್ತು.
ಮೂರು ಗಂಟೆಗೆ ಬಾಡ್ತು, ಇಪ್ಪತ್ತು.
ರಾತ್ರಿ ಗೋಣಿ ಮಡಚೋ ಹೊತ್ಗೆ ಹತ್ತು.
ಪುಕ್ಕಟೆ ಅಂತ ಯಾವತ್ತೂ ಆಗಾಕಿಲ್ಲ ಕಣಮ್ಮ,
ಆದ್ರೆ ಕಳ್ಳ ಬಂದು ಕದಿಯೋವಷ್ಟೂ ಉಳಿಯಾಕಿಲ್ಲ.'

ಬಾಗಿಲ ಸಂದಿಯಲ್ಲಿ ಮುನಿಕೃಷ್ಣ. ಒಂದು ಕಾಲು ಒಳಗೆ.
'ಹಂಗಾದ್ರೆ ನಾಳೆ ಬೆಳಿಗ್ಗೆಗೆ?'
ಕೇಳಿದ್ದು ಅವಳನ್ನು, ನನ್ನನ್ನಲ್ಲ.
'ಎರಡೂವರೆ ರೂಪಾಯಿ.'

ಪರದೆಯ ಮೇಲೆ ಅವಳು ಚುಕ್ಕಿ ಚುಕ್ಕಿಯಾಗಿ ಮೂಡಿದಳು,
ಪಕ್ಕೆಲುಬು ಒಂದೊಂದಾಗಿ ಪೋಣಿಸಿದ ಹಾಗೆ,
ಸೊಂಟದ ಮೂರನೇ ಮಣಿಯ ಹತ್ತಿರ
ಬೇಡದಷ್ಟು ಹೊಳಪು.
'ಏನ್ ಕಾಣ್ತು?' ಅಂದಳು. ಡಾಕ್ಟರು ಹೇಳ್ತಾರೆ ಅಂದೆ.
ಇಷ್ಟು ವರ್ಷದಲ್ಲಿ ಈ ಮೂರು ಪದ ಹೇಳುವಾಗ
ಪೇಷೆಂಟಿನ ಮುಖ ನೋಡಲು ಕಲಿತಿಲ್ಲ ನಾನು.

ಒಂದು ಗಂಟೆಗೆ ಮುನಿಕೃಷ್ಣ ಒಳಗೇ ಬಂದು ಕುರ್ಚಿ ಹಿಡಿದ.
ಲಿಫ್ಟಿನಲ್ಲಿದ್ದ ಇಬ್ಬರು ಇಳಿಯಹೊರಟರು.
'ಇಪ್ಪತ್ತೈದು ರೂಪಾಯಿಗೆಲ್ಲ ಇಳಿದೋಗ್ತೀರಲ್ಲ ಸಾರ್'
ಅನ್ನುವುದು ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು.

ಮೇಜಿನ ಮೇಲೆ ಬಾಳೆಲೆಯ ಪೊಟ್ಟಣ, ಅವಳು ಬಿಟ್ಟುಹೋದದ್ದು.
ಅರ್ಧ ಮೊಳ ಮಲ್ಲಿಗೆ, ಇನ್ನೂ ಮೊಗ್ಗು.
ಮುಡಿದುಕೊಂಡೆ.
ಮುಡಿಯುವ ಮುಂಚೆ ಒಂದು ಸಲ ಮೀಟರು ಹಿಡಿದೆ,
ಅಭ್ಯಾಸ ಅಂದುಕೊಳ್ಳಿ.